ಕರಾರು ಬೇಡ, ಕ್ಯಾಷ್ ಕೊಡಿ ಅಂತಾರೆ ಓನರ್. ಏನು ಮಾಡಲಿ?

ಮೂವರು ಸ್ಟೂಡೆಂಟ್ಸ್ ಸೇರಿ ಬೆಂಗಳೂರಲ್ಲಿ ಮನೆ ನೋಡಿದ್ದೀರಿ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದಿದ್ದೀರಿ. ಹಾಗಾದ್ರೆ ದಯವಿಟ್ಟು ಕೈ ಬಿಗಿ ಹಿಡಿಯಿರಿ. ಮೊದಲು ಕರಾರು ಆಗಲಿ.

ಓದುವಾಗ ನಾವೂ ಮೂವರು ತಲಾ 20,000 ಹಾಕಿ, 60,000 ಅಡ್ವಾನ್ಸ್ ಕ್ಯಾಷಲ್ಲಿ ಕೊಟ್ಟಿದ್ದೆವು. ಕರಾರು ಒಬ್ಬನ ಹೆಸರಲ್ಲಿತ್ತು. ಅದರಲ್ಲಿ ಅಡ್ವಾನ್ಸ್ 30,000 ಅಂತ ಬರೆದಿತ್ತು. 'ಸುಮ್ನೆ ಫಾರ್ಮಾಲಿಟಿ' ಅಂದಿದ್ದರು ಓನರ್, ನಾವು ನಂಬಿದೆವು. ಮನೆ ಬಿಡುವಾಗ ಅದೇ ಕಾಗದ ತೋರಿಸಿದರು. ಪೇಂಟಿಂಗ್‌ಗೆ ಅಂತ ಅದರಲ್ಲೂ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ನನ್ನ ಪಾಲಿನದು ಅಪ್ಪ ರಾಗಿ ಮಾರಿ ಕಳಿಸಿದ ದುಡ್ಡು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳ್ತೀನಿ, ಮೂವರ ಹೆಸರೂ ಸಹಿಯೂ ಕರಾರಿನಲ್ಲಿರಲಿ. ಯಾರಿಗಾದರೂ 18 ತುಂಬಿಲ್ಲದಿದ್ದರೆ ಅವರ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಮಾಡಿಸಿ. ಅಡ್ವಾನ್ಸ್ ಎಷ್ಟು, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ನಡುವೆ ಒಬ್ಬರು ಬಿಟ್ಟರೆ ಅವರ ಪಾಲು ಏನಾಗುತ್ತದೆ, ಇವೆಲ್ಲ ಅಂಕಿಯಲ್ಲೇ ಬರೆಸಿ. ಕರಾರು 11 ತಿಂಗಳಿಗೆ ಅಂದರೆ ಗಾಬರಿ ಬೇಡ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಅದನ್ನು ತಪ್ಪಿಸೋಕೆ ಎಲ್ಲರೂ 11 ಹಾಕುತ್ತಾರೆ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಮಾಡಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಬಾಡಿಗೆ ಆದಷ್ಟು ಯುಪಿಐನಲ್ಲೇ ಹಾಕಿ, 'ಜೂನ್ ಬಾಡಿಗೆ' ಅಂತ ನೋಟ್ ಬರೆಯಿರಿ. ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ. ಓನರ್ ತಮ್ಮ ಮಗನ ನಂಬರಿಗೆ ಹಾಕಿ ಅಂದರೆ, ಅದನ್ನು ಅವರ ಹತ್ತಿರವೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಮೂವರಲ್ಲಿ ಒಬ್ಬರೇ ಕಟ್ಟುವುದಾದರೆ ಉಳಿದಿಬ್ಬರು ಅವರಿಗೆ ಕೊಡುವುದೂ ಅಕೌಂಟ್ ಮೂಲಕವೇ ಆಗಲಿ. ಗೆಳೆತನ ಕೆಡೋದು ಇಲ್ಲೇ ಜಾಸ್ತಿ.

ಕ್ಯಾಷೇ ಬೇಕು ಅಂದರೆ ರಸೀದಿ ಕೇಳಿ. 5,000 ಮೀರಿದರೆ ಒಂದು ರೂಪಾಯಿ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಸಹಿ ಹಾಕಿಸಬೇಕು. ಸ್ಟ್ಯಾಂಪ್ ಪೋಸ್ಟ್ ಆಫೀಸಲ್ಲಿ ಕೇಳಿ ತಂದು, ನೀವೇ ಅಂಟಿಸಿಕೊಂಡು ಹೋಗಿ. ಆಗ ಇಲ್ಲ ಅನ್ನೋಕೆ ಅವರಿಗೂ ಕಷ್ಟ, ಅಲ್ವಾ?

ಇದಕ್ಕೂ ಒಪ್ಪದಿದ್ದರೆ ಆ ಮನೆಯೇ ಬೇಡ, ಇನ್ನೆರಡು ದಿನ ಹುಡುಕಿ. ಕರಾರಿನ ಕರಡು ಕೊಟ್ಟರೆ ಹೆಸರು, ಆಧಾರ್ ನಂಬರ್ ಮುಚ್ಚಿ ಇಲ್ಲಿ ಹಾಕಿ. ಓದಿ ಹೇಳುತ್ತೇನೆ.