ಪಿಎಚ್‌ಡಿ ಪ್ರಬಂಧಕ್ಕೆ ಫೆಲೋಶಿಪ್: ದೊಡ್ಡ ಸಂಸ್ಥೆಗೆ ಅರ್ಜಿ ಹಾಕಲಾ, ರೀಜನಲ್ ಸೈನ್ಸ್‌ನವರ ಸಣ್ಣ ಫೆಲೋಶಿಪ್‌ಗೆ ಹಾಕಲಾ?

ನೀವು ಕಳಿಸಿದ ಪ್ರಶ್ನೆ ಓದಿದೆ: ಅಮೆರಿಕದಲ್ಲಿ ಎಕನಾಮಿಕ್ಸ್ ಪಿಎಚ್‌ಡಿ, ವಿಷಯ ಫ್ಯಾಕ್ಟರಿ ಮುಚ್ಚಿದ ಸಣ್ಣ ಊರುಗಳು, ಮುಂದಿನ ವರ್ಷಕ್ಕೆ ದುಡ್ಡಿಲ್ಲ, ದೊಡ್ಡ ಸಂಸ್ಥೆಗೆ ಅರ್ಜಿ ಹಾಕಲಾ, ರೀಜನಲ್ ಸೈನ್ಸ್ (ಊರು, ಪ್ರದೇಶಗಳ ಆರ್ಥಿಕತೆಯನ್ನು ಅಧ್ಯಯನ ಮಾಡುವ ವಿಷಯ) ಕಡೆಯ ಸಣ್ಣ ಫೆಲೋಶಿಪ್‌ಗೆ ಹಾಕಲಾ ಅಂತ. ಡಿಪಾರ್ಟ್‌ಮೆಂಟಿನ ಹೆಸರೊಂದು ಬೇರೆ, ಉಳಿದದ್ದೆಲ್ಲ ನಾನು ಪಟ್ಟ ಪಾಡೇ. ನಾನಿದ್ದದ್ದು ಅಗ್ರಿಕಲ್ಚರಲ್ ಎಕನಾಮಿಕ್ಸ್‌ನಲ್ಲಿ.

ನನ್ನ ವಿಷಯ, ಪೇಪರ್ ಮಿಲ್ ಮುಚ್ಚಿದ ಒಂದು ಕೌಂಟಿ (ನಮ್ಮ ಜಿಲ್ಲೆಯ ಥರ). ಮಿಲ್ ಹೋದ ಮೇಲೆ ಅಲ್ಲಿನ ಉದ್ಯೋಗ, ಸಂಬಳ ಏನಾಯಿತು ಅನ್ನೋದು ಪ್ರಶ್ನೆ. ಹೋಲಿಸಿ ನೋಡೋಕೆ ಪಕ್ಕದ ಕೌಂಟಿಗಳನ್ನು ತಗೊಂಡಿದ್ದೆ. ಹವೆ ಒಂದೇ, ರಾಜ್ಯ ಒಂದೇ, ಜನರೂ ಹೆಚ್ಚುಕಮ್ಮಿ ಒಂದೇ ಥರ. ಇದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ ಅಂದುಕೊಂಡಿದ್ದೆ. ಅರ್ಜಿಯ ಮುಕ್ಕಾಲು ಭಾಗ ಲೆಕ್ಕಾಚಾರದ ವಿಧಾನಕ್ಕೇ ಹೋಯಿತು. ಅರ್ಜಿ ತಿರಸ್ಕಾರವಾಯಿತು. ಅದನ್ನು ಓದಿದವರೊಬ್ಬರು ಕೇಳಿದ್ದು ಒಂದೇ ಮಾತು: ಮಿಲ್‌ನ ಕೆಲಸಗಾರರ ಮನೆ ಇದ್ದದ್ದು ಯಾವ ಕೌಂಟಿಯಲ್ಲಿ?

ನಾನು ನೋಡಿರಲೇ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲೂ "ಅಕ್ಕಪಕ್ಕದ ಕೌಂಟಿಗಳ ಜೊತೆ ಹೋಲಿಸ್ತೀನಿ" ಅನ್ನೋ ಸಾಲಿದೆ. ಮಿಲ್ ಈ ಕೌಂಟಿಯಲ್ಲಿತ್ತು, ನಿಜ. ಆದರೆ ದಿನಾ ಕಾರಿನಲ್ಲಿ ಗಡಿ ದಾಟಿ ಬರುತ್ತಿದ್ದವರು ತುಂಬಾ ಜನ. ಅವರು ಮನೆ ಸಾಲ ಕಟ್ಟುತ್ತಿದ್ದದ್ದು, ದಿನಸಿ ತರುತ್ತಿದ್ದದ್ದು, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಿದ್ದದ್ದು ಎಲ್ಲಾ ಪಕ್ಕದ ಕೌಂಟಿಯಲ್ಲಿ. ಮಿಲ್ ಮುಚ್ಚಿದಾಗ ಪೆಟ್ಟು ಅಲ್ಲಿಗೂ ಬಿತ್ತು. ನಾನು ಅದೇ ಕೌಂಟಿಯನ್ನು "ಪೆಟ್ಟು ಬೀಳದ ಜಾಗ" ಅಂತ ಹೋಲಿಕೆಗೆ ಇಟ್ಟಿದ್ದೆ. ಎರಡೂ ಕಡೆ ಇಳಿತ ಇದ್ದರೆ ನಡುವಿನ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಅಂದರೆ ನನ್ನ ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಉತ್ತರ ಬರುತ್ತಿದ್ದದ್ದು "ಅಂಥಾ ನಷ್ಟವೇನೂ ಆಗಿಲ್ಲ" ಅಂತ. ಕೆಲಸ ಕಳೆದುಕೊಂಡವರ ಬಗ್ಗೆ ಬರೆಯೋಕೆ ಹೊರಟವನು ಅವರ ನಷ್ಟವನ್ನೇ ಅಳಿಸಿಹಾಕುತ್ತಿದ್ದೆ.

ಕೌಂಟಿಯನ್ನೇ ಯಾಕೆ ಆರಿಸಿದೆ? ಆರಿಸಿರಲೇ ಇಲ್ಲ. ಸರ್ಕಾರದ ಅಂಕಿಅಂಶ ಕೌಂಟಿವಾರು ಬರುತ್ತದೆ, ಬಂದದ್ದನ್ನು ಹಾಗೇ ಇಟ್ಟುಕೊಂಡೆ. ಸಂಶೋಧನೆಯಲ್ಲಿ ಅದೂ ಒಂದು ತೀರ್ಮಾನ, ಅದಕ್ಕೂ ಕಾರಣ ಕೊಡಬೇಕು ಅಂತ ಹೊಳೆಯಲಿಲ್ಲ.

ಹೊಳೆದಿದ್ದರೆ ಒಂದು ಸಂಜೆಯ ಕೆಲಸ. ಅಮೆರಿಕದ ಸೆನ್ಸಸ್ ಬ್ಯೂರೋದವರ 'ಲೋಡ್ಸ್' ಅನ್ನೋ ಡೇಟಾ ಪುಕ್ಕಟೆ ಸಿಗುತ್ತದೆ. ಅದರ ಆರಿಜಿನ್-ಡೆಸ್ಟಿನೇಶನ್ ಫೈಲ್ ತೆರೆಯಿರಿ. ಒಂದು ಕಾಲಂನಲ್ಲಿ ಕೆಲಸದ ಜಾಗದ ಬ್ಲಾಕ್ (ಸೆನ್ಸಸ್‌ನವರು ಗುರುತಿಸುವ ಅತಿ ಚಿಕ್ಕ ಪ್ರದೇಶ) ನಂಬರ್, ಇನ್ನೊಂದರಲ್ಲಿ ಮನೆ ಇರುವ ಬ್ಲಾಕ್ ನಂಬರ್, ಆಮೇಲೆ ಎಷ್ಟು ಉದ್ಯೋಗ ಅಂತ. ಬ್ಲಾಕ್ ನಂಬರ್‌ನಲ್ಲಿ 15 ಅಂಕಿ ಇರುತ್ತವೆ. ಮೊದಲ 5 ಅಂಕಿ ರಾಜ್ಯ ಮತ್ತು ಕೌಂಟಿಯದು. ಎರಡೂ ಕಾಲಂನ ಮೊದಲ 5 ಅಂಕಿ ಬೇರೆ ಬೇರೆ ಇದ್ದರೆ ಆ ವ್ಯಕ್ತಿ ಕೌಂಟಿ ದಾಟಿ ಕೆಲಸಕ್ಕೆ ಹೋಗುತ್ತಾರೆ ಅಂತ ಅರ್ಥ. ಅಷ್ಟೇ! ನಿಮ್ಮ ಊರು ರಾಜ್ಯದ ಗಡಿಯ ಹತ್ತಿರ ಇದ್ದರೆ ಮನೆ, ಕೆಲಸ ಎರಡೂ ಅದೇ ರಾಜ್ಯದಲ್ಲಿರುವವರ 'ಮೇನ್' ಫೈಲ್ ಸಾಲದು, ಹೊರರಾಜ್ಯದಿಂದ ಕೆಲಸಕ್ಕೆ ಬರುವವರು 'ಆಕ್ಸ್' ಅನ್ನೋ ಇನ್ನೊಂದು ಫೈಲ್‌ನಲ್ಲಿರುತ್ತಾರೆ. ಅದನ್ನೂ ತಗೊಳ್ಳಿ.

ನೋಡದೇ ಇದ್ದದ್ದಕ್ಕೆ ಒಂದು ವರ್ಷ ಹೋಯಿತು. ಸಂಬಳಕ್ಕಾಗಿ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸ ಹಿಡಿದೆ. ಬೇರೆಯವರ ಸ್ಟ್ಯಾಟಿಸ್ಟಿಕ್ಸ್ ಉತ್ತರಪತ್ರಿಕೆ ತಿದ್ದುತ್ತಾ ಕೂತೆ. ಆ ಊರಿಗೆ ಹೋಗಿ ಜನರನ್ನು ಮಾತಾಡಿಸುವ ಪ್ಲ್ಯಾನ್ ಮುಂದಕ್ಕೆ ಹೋಯಿತು. ಹೋಗುವ ಹೊತ್ತಿಗೆ ಕೆಲವರು ಮನೆ ಮಾರಿ ಊರು ಬಿಟ್ಟಿದ್ದರು. ಅವರ ಮಾತು ನನ್ನ ಪ್ರಬಂಧದಲ್ಲಿ ಇಲ್ಲ. ನನಗೆ ಜಾಸ್ತಿ ನೋವಾಗೋದು ಇದಕ್ಕೇ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ದೊಡ್ಡದೋ ಸಣ್ಣದೋ ಅನ್ನೋ ಲೆಕ್ಕವೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ನಿಮಗೆ ಬೇಕಾಗಿರೋದು ಏನು, ಬರೆಯೋಕೆ ಸಮಯವೋ ಅಥವಾ ಓಡಾಟ, ಡೇಟಾದ ಖರ್ಚೋ? ಎನ್‌ಎಸ್‌ಎಫ್‌ನ (ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್) ಡಿಸರ್ಟೇಶನ್ ಗ್ರ್ಯಾಂಟ್‌ಗಳು, ಅಂದರೆ ಪಿಎಚ್‌ಡಿ ಪ್ರಬಂಧದ ಅನುದಾನಗಳು, ಸಂಶೋಧನೆಯ ಖರ್ಚಿಗೆ ಅಂತ ಇರುವಂಥವು, ನಿಮ್ಮ ಸಂಬಳಕ್ಕಲ್ಲ. ಅರ್ಜಿಯೂ ಗೈಡ್ ಹೆಸರಿನಲ್ಲಿ ಯೂನಿವರ್ಸಿಟಿ ಆಫೀಸಿನ ಮೂಲಕ ಹೋಗಬೇಕು. ಮನೆ ಬಾಡಿಗೆ ಕಟ್ಟೋಕೆ ಸ್ಟೈಪೆಂಡ್ (ಜೀವನ ಖರ್ಚಿಗೆ ಕೊಡುವ ದುಡ್ಡು) ಬೇಕಿದ್ದರೆ ಅದರಿಂದ ಉಪಯೋಗವಿಲ್ಲ. ನೀವು "ಸಣ್ಣದು" ಅಂದ ಬೆಂಜಮಿನ್ ಸ್ಟೀವನ್ಸ್ ಫೆಲೋಶಿಪ್ ಇದೆಯಲ್ಲ, ನಾರ್ತ್ ಅಮೆರಿಕನ್ ರೀಜನಲ್ ಸೈನ್ಸ್ ಕೌನ್ಸಿಲ್‌ನದು, ಅದು ಪಿಎಚ್‌ಡಿ ಪ್ರಬಂಧದ ಕೆಲಸಕ್ಕೆಂದೇ ಇರುವ ಸ್ಟೈಪೆಂಡ್. ಅದಕ್ಕೆ ಉತ್ತರ ಅಮೆರಿಕದ ಎಲ್ಲಾ ಕಡೆಯಿಂದ ಸ್ಪರ್ಧೆ ಇರುತ್ತದೆ. ಸಣ್ಣದು ಅಂತ ಹಗುರವಾಗಿ ಬರೆದು ಹಾಕಬೇಡಿ.

"ನಮ್ಮಲ್ಲಿ ರೀಜನಲ್ ಸೈನ್ಸ್ ಡಿಪಾರ್ಟ್‌ಮೆಂಟೇ ಇಲ್ಲ" ಅಂತ ಹೆದರಿದ್ದೀರಿ. ಹೆಚ್ಚಿನವರಿಗೆ ಇಲ್ಲ! ಅರ್ಥಶಾಸ್ತ್ರಜ್ಞ ವಾಲ್ಟರ್ ಐಸಾರ್ಡ್ 1954ರಲ್ಲಿ ರೀಜನಲ್ ಸೈನ್ಸ್ ಅಸೋಸಿಯೇಷನ್ ಕಟ್ಟಿದರು, ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಡಿಪಾರ್ಟ್‌ಮೆಂಟನ್ನೂ ಶುರು ಮಾಡಿದರು. ಆ ಡಿಪಾರ್ಟ್‌ಮೆಂಟ್ 1990ರ ದಶಕದಲ್ಲಿ ಮುಚ್ಚಿತು. ಈ ಕೆಲಸ ಮಾಡುವವರು ಎಕನಾಮಿಕ್ಸ್, ಜಿಯಾಗ್ರಫಿ, ಪ್ಲ್ಯಾನಿಂಗ್ ಅಂತ ಎಲ್ಲೆಲ್ಲೋ ಇದ್ದಾರೆ. ನಿಮ್ಮ ಅರ್ಜಿ ಓದುವವರೂ ಅವರೇ. ಅವರು ನಿಮ್ಮ ಡಿಪಾರ್ಟ್‌ಮೆಂಟಿನ ಬೋರ್ಡ್ ನೋಡಲ್ಲ. ಜಾಗ ಅನ್ನೋದು ನಿಮ್ಮ ವಾದದಲ್ಲಿ ಏನಾದರೂ ಕೆಲಸ ಮಾಡ್ತಿದೆಯಾ, ಸುಮ್ನೆ ಮ್ಯಾಪ್‌ಗೆ ಬಣ್ಣ ಹಾಕಿದ್ದೀರಾ ಅಂತ ನೋಡ್ತಾರೆ.

ನಿಮ್ಮ ಗೈಡ್ "ವಿಧಾನವನ್ನು ಮುಂದಿಡಿ" ಅಂದಿದ್ದಾರೆ. ನಾನು ಒಪ್ಪಲ್ಲ. ಮೊದಲ ಪ್ಯಾರಾದಲ್ಲೇ ಹೇಳಿ: ಪೆಟ್ಟು ಎಲ್ಲಿಂದ ಶುರುವಾಯಿತು, ಎಲ್ಲಿಯವರೆಗೆ ಹರಡಿತು, ನಿಮ್ಮ ಗಡಿಯನ್ನು ಅಲ್ಲೇ ಯಾಕೆ ಎಳೆದಿರಿ. ಮರುವರ್ಷ ನಾನು ಮಾಡಿದ್ದು ಅದನ್ನೇ. ಹೋಲಿಕೆಗೆ ದೂರದ, ಮಿಲ್ ಇನ್ನೂ ನಡೆಯುತ್ತಿದ್ದ ಕೌಂಟಿಗಳನ್ನು ತಗೊಂಡೆ. ಪಕ್ಕದ ಕೌಂಟಿಗಳಿಗೆ ನಷ್ಟ ಎಷ್ಟು ಹರಡಿತು ಅನ್ನೋದನ್ನೇ ಮುಖ್ಯ ಪ್ರಶ್ನೆ ಮಾಡಿದೆ. ವಿಧಾನ ಬದಲಾಗಲಿಲ್ಲ, ಅರ್ಧ ಪುಟಕ್ಕೆ ಇಳಿಯಿತು. ದುಡ್ಡು ಬಂತು.

ಗೈಡ್ ಒಪ್ಪದಿದ್ದರೆ ಆ ಲೋಡ್ಸ್ ಟೇಬಲನ್ನು ಅವರ ಮುಂದಿಡಿ. ಮನೆ ಎಲ್ಲಿ, ಕೆಲಸ ಎಲ್ಲಿ ಅಂತ ಎರಡು ಕಾಲಂ ನೋಡಿದ ಮೇಲೆ ನಮ್ಮ ಗೈಡೇ ಶಿಫಾರಸು ಪತ್ರವನ್ನು ಹೊಸದಾಗಿ ಬರೆದುಕೊಟ್ಟರು.