ಹೊಲಿಗೆ ಮಿಷನ್ ಮೇಲೆ ಹಳೇ ಸೀರೆ

ಹೆಸರು, ಊರು ಬದಲಿಸಿದ್ದೇನೆ. ಸರೋಜಾ ಎನ್ನೋಣ. ವಯಸ್ಸು 38, ಮನೆಯಲ್ಲೇ ಬ್ಲೌಸ್ ಹೊಲಿಯುವವರು. ನಾಲ್ಕು ತಿಂಗಳಿಂದ ಮಿಷನ್ ಮೇಲೆ ಹಳೇ ಸೀರೆ ಮುಚ್ಚಿಟ್ಟಿದ್ದಾರೆ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆತಂದ ಗಂಡ ಕೂತ ತಕ್ಷಣ ಹೇಳಿದರು: "ಸೋಮಾರಿತನ ಮೇಡಂ. ಹಗಲೆಲ್ಲ ಮಲಗಿರ್ತಾಳೆ, ರಾತ್ರಿ ಎರಡರ ತನಕ ರೀಲ್ಸ್ ನೋಡ್ತಾಳೆ."

ಅವರನ್ನು ಹೊರಗೆ ಕೂರಿಸಿದ ಮೇಲೆ ಸರೋಜಾ ಮೆಲ್ಲಗೆ ಹೇಳಿದರು. "ಅಳುನೂ ಬರಲ್ಲ. ತಂಗಿ ಮಗು ಎತ್ಕೊಂಡ್ರೂ ಏನೂ ಅನ್ನಿಸಲ್ಲ. ರೀಲ್ಸಲ್ಲೂ ಖುಷಿ ಇಲ್ಲ, ಸುಮ್ನೆ ಬೆರಳು ಓಡುತ್ತೆ."

ಖಿನ್ನತೆ ಎಂದರೆ ಅಳು ಎಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಜನರಿಗೆ ಅದು ಹೀಗೆ, ಆಸೆಯೇ ಬತ್ತಿದ ಹಾಗೆ ಬರುತ್ತದೆ. ಬದುಕು ಸಾಕು ಅನ್ನಿಸುತ್ತಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಲ್ಲೂ ಹಾಕಿಸಿದೆ. ಮನೋವೈದ್ಯರ ಹತ್ತಿರ ಕಳಿಸಿದೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಲು ಹೇಳಿದೆ, ಏಕೆಂದರೆ ಅದು ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ.

ಆಮೇಲೆ ಗಂಡನನ್ನು ಒಳಗೆ ಕರೆದು ಕೆಂಟ್ ಬೆರಿಜ್ ಎಂಬ ವಿಜ್ಞಾನಿಯ ಇಲಿಗಳ ಕಥೆ ಹೇಳಿದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚುಕಡಿಮೆ ಪೂರ್ತಿ ಹೋದ ಇಲಿಗಳು ಎದುರಿಗೇ ತಿಂಡಿ ಇದ್ದರೂ ಮುಟ್ಟಲಿಲ್ಲ. ಆದರೆ ನಾಲಿಗೆ ಮೇಲೆ ಸಕ್ಕರೆ ನೀರು ಬಿಟ್ಟರೆ ಇಷ್ಟಪಟ್ಟು ಚಪ್ಪರಿಸಿದವು. ರುಚಿ ಗೊತ್ತಾಗುತ್ತಿತ್ತು, 'ಬೇಕು' ಅನ್ನುವುದು ಮಾತ್ರ ಹೋಗಿತ್ತು. "ಆ ಇಲಿಯನ್ನು ಸೋಮಾರಿ ಅಂತೀರಾ?" ಅವರು ಮಾತಾಡಲಿಲ್ಲ. ಮನುಷ್ಯರ ಖಿನ್ನತೆ ಇಷ್ಟು ಸರಳವಲ್ಲ, ಅದನ್ನೂ ಹೇಳಿದೆ. ಆದರೆ ಸೋಮಾರಿ ಎಂಬ ಪದ ಆ ಮನೆಯಲ್ಲಿ ಅವತ್ತಿಗೇ ನಿಲ್ಲಬೇಕಿತ್ತು.

ಸರೋಜಾಗೆ ಹೇಳಿದ್ದು ಇಷ್ಟು. ಮನಸ್ಸು ಬರಲಿ ಎಂದು ಕಾಯಬೇಡಿ, ಈ ಕಾಯಿಲೆಯಲ್ಲಿ ಮೊದಲು ಕೈ ಆಡಬೇಕು, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ದಿನಕ್ಕೆ ಒಂದೇ ಬ್ಲೌಸಿಗೆ ಹುಕ್ಸ್ ಹಾಕಿ, ಜಾಸ್ತಿ ಬೇಡ. ಶುರು ಮಾಡುವ ಮುಂಚೆ ಎಷ್ಟು ಖುಷಿ ಸಿಗಬಹುದು ಎಂದು ಹತ್ತಕ್ಕೆ ಒಂದು ಅಂಕ ಬರೆಯಿರಿ, ಮುಗಿದ ಮೇಲೆ ನಿಜವಾಗಿ ಎಷ್ಟು ಸಿಕ್ಕಿತು ಬರೆಯಿರಿ. ಎಣಿಸಿದ್ದಕ್ಕಿಂತ ಚೂರು ಜಾಸ್ತಿ ಸಿಕ್ಕಾಗಲೇ ಡೋಪಮೈನ್ ಕೋಶಗಳು ಚುರುಕಾಗುತ್ತವೆ, ಮಿದುಳು ಕಲಿಯುವುದು ಆ ಅಂತರದಿಂದ. ರಾತ್ರಿ ಒಂಬತ್ತಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ.

ಮೊದಲ ವಾರ ಪುಸ್ತಕದ ತುಂಬ ಸೊನ್ನೆ. ಎರಡು ದಿನ ಹುಕ್ಸೇ ಹಾಕಿರಲಿಲ್ಲ. ಬೈಯಲಿಲ್ಲ, ಹುಕ್ಸ್ ಬಿಟ್ಟು ಮಿಷನ್ ಮೇಲಿನ ಸೀರೆ ತೆಗೆದರೆ ಸಾಕು ಎಂದೆ.

ಈಗ ಆರನೇ ಭೇಟಿ ಮುಗಿದಿದೆ. ಮಾತ್ರೆ ನಡೆಯುತ್ತಿದೆ, ಪೂರ್ತಿ ಗುಣವಾಗಿಲ್ಲ. ಪುಸ್ತಕದ ಕೊನೆಯ ಸಾಲು: "ತಂಗಿ ಮಗುಗೆ ಲಂಗ. ಅಂದ್ಕೊಂಡಿದ್ದು 1, ಸಿಕ್ಕಿದ್ದು 4."