ಓದುಗರ ಪ್ರಶ್ನೆ: ಯಾವ ಎಲ್ಫಿನ್‌ಸ್ಟನ್?

ಪ್ರಶ್ನೆ: ಮೂವತ್ತು ವರ್ಷ ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಹತ್ತಿ ಇಳಿದೆ. 2018ರಲ್ಲಿ ಅದು ಪ್ರಭಾದೇವಿ ಆಯಿತು. ಈಗ ಮೊಮ್ಮಗಳು ಎಲ್ಫಿನ್‌ಸ್ಟನ್ ಕಾಲೇಜು ಸೇರಿದ್ದಾಳೆ. “ಅಜ್ಜ, ಎರಡೂ ಒಬ್ಬರದೇ ಹೆಸರಾ?” ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. — ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ ರಾಯರೇ, ಇಬ್ಬರು. ಚಿಕ್ಕಪ್ಪ ಮತ್ತು ಅಣ್ಣನ ಮಗ.

ಕಾಲೇಜು ಚಿಕ್ಕಪ್ಪನ ಹೆಸರಿನದು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಮೊದಲು ಪುಣೆಯಲ್ಲಿ ಪೇಶ್ವೆಯ ದರ್ಬಾರಿಗೆ ರೆಸಿಡೆಂಟ್, ಅಂದರೆ ಬ್ರಿಟಿಷ್ ಕಂಪನಿಯ ಪ್ರತಿನಿಧಿ ಆಗಿದ್ದರು. 1819ರಿಂದ 1827ರ ತನಕ ಮುಂಬಯಿಯ ಗವರ್ನರ್. ಶಾಲೆ, ಓದು ಅಂದರೆ ಅವರಿಗೆ ಜೀವ.

ಸ್ಟೇಷನ್ ಅಣ್ಣನ ಮಗನದು. ಹೆಸರು ಜಾನ್, ಹುಟ್ಟಿದ್ದು 1807ರಲ್ಲಿ. ಆರನೇ ವಯಸ್ಸಿಗೇ ತಂದೆ ತೀರಿಕೊಂಡು 13ನೇ ಲಾರ್ಡ್ ಎಲ್ಫಿನ್‌ಸ್ಟನ್ ಆದರು. ಸೈನ್ಯದ ಕುದುರೆ ದಳದಲ್ಲಿದ್ದರು, ರಾಜ ನಾಲ್ಕನೇ ವಿಲಿಯಂನ ಅರಮನೆಯಲ್ಲಿದ್ದರು. ಮೂವತ್ತಕ್ಕೆ ಮದ್ರಾಸಿನ ಗವರ್ನರ್! ಆಮೇಲೆ 1853ರಿಂದ 1860ರ ತನಕ ಮುಂಬಯಿ.

1857ರ ದಂಗೆಯಲ್ಲಿ ಮುಂಬಯಿಯನ್ನು ಶಾಂತವಾಗಿ ಇಟ್ಟರು ಅಂತ ಇವರಿಗೆ ದೊಡ್ಡ ಹೆಸರು. ತಮ್ಮ ಹತ್ತಿರ ಇದ್ದ ದಂಡನ್ನೂ ಉತ್ತರಕ್ಕೆ ಕಳಿಸಿಕೊಟ್ಟರು. 1859ರಲ್ಲಿ ಇಂಗ್ಲೆಂಡಿನವರು ಇನ್ನೊಂದು ಲಾರ್ಡ್ ಪದವಿ ಕೊಟ್ಟರು. ಮರುವರ್ಷ ಊರಿಗೆ ಹೋದವರು ಜುಲೈನಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ, ಆ ಹೊಸ ಪದವಿ ಅವರ ಜೊತೆಗೇ ಮುಗಿಯಿತು.

ಆ ‘ಶಾಂತ’ ಅನ್ನೋ ಮಾತು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ನಾನು ಮುಧೋಳದ ಕಡೆಯವನು. ಹಲಗಲಿ ಬೇಡರ ಲಾವಣಿ ಕೇಳಿ ಬೆಳೆದವನು. ಅದೇ 1857ರಲ್ಲಿ ಜನರ ಹತಾರ ಕಿತ್ತುಕೊಳ್ಳುವ ಕಾಯ್ದೆ ಬಂತು. ಹಲಗಲಿಯವರು ಕೊಡಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಸಿಕ್ಕವರನ್ನು ಗಲ್ಲಿಗೆ ಹಾಕಿತು. ಮರುವರ್ಷ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ಸೀಮೆಯೆಲ್ಲ ಆಗ ಮುಂಬಯಿ ಸರ್ಕಾರದ ಹಿಡಿತದಲ್ಲಿತ್ತು, ಗವರ್ನರ್ ಇದೇ ಲಾರ್ಡ್. ಮುಂಬಯಿಯಲ್ಲೂ 1857ರ ಅಕ್ಟೋಬರ್‌ನಲ್ಲಿ ಇಬ್ಬರು ಸಿಪಾಯಿಗಳನ್ನು ಎಸ್‌ಪ್ಲನೇಡ್ ಮೈದಾನದಲ್ಲಿ ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಶಾಂತಿಗೆ ಕೊಟ್ಟ ಬೆಲೆ ಇದು, ಅಲ್ವಾ?

ಇದೆಲ್ಲ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಮುಂಬಯಿಗೆ ಬಂದ ಹೊಸದರಲ್ಲಿ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ, ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಮಧ್ಯಾಹ್ನ ಹಾರ್ನಿಮನ್ ಸರ್ಕಲ್ ತೋಟದ ಬೆಂಚಿನ ಮೇಲೆ ಮಲಗುತ್ತಿದ್ದೆ. ಆ ಸರ್ಕಲ್ಲಿನ ಹಳೇ ಹೆಸರು ಎಲ್ಫಿನ್‌ಸ್ಟನ್ ಸರ್ಕಲ್ ಅಂತ ಶಾಲೆಯ ಮೇಷ್ಟ್ರು ಹೇಳಿದರು. ಇದೇ ಲಾರ್ಡ್ ಹೆಸರು! ನಮ್ಮ ಲಾವಣಿಯ ಊರೂ ನಾನು ಮಲಗಿದ ಬೆಂಚೂ ಒಬ್ಬನೇ ಮನುಷ್ಯನಿಗೆ ತಳಕು ಹಾಕಿಕೊಂಡಿದ್ದು ಅಂತ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ವಾತಂತ್ರ್ಯ ಬಂದಮೇಲೆ ಅಲ್ಲಿಗೆ ಬಂದ ಹೆಸರೂ ಬ್ರಿಟಿಷರದೇ. ಆದರೆ ಹಾರ್ನಿಮನ್ ನಮ್ಮ ಪರ ನಿಂತ ಪತ್ರಕರ್ತ, 1919ರಲ್ಲಿ ಸರ್ಕಾರ ಅವರನ್ನು ದೇಶದಿಂದಲೇ ಹೊರಗೆ ಹಾಕಿತ್ತು.

ಮೊಮ್ಮಗಳ ಕಾಲೇಜು ಕಾಲಾ ಘೋಡಾದಲ್ಲಿದೆ. ಅಲ್ಲಿಂದ ಸರ್ಕಲ್ಲಿಗೆ ನಡೆದೇ ಹೋಗಬಹುದು. ಕ್ಲಾಸ್ ಮುಗಿದ ಮೇಲೆ ಒಂದು ದಿನ ಕರೆದುಕೊಂಡು ಹೋಗಿ. ಹಲಗಲಿಯ ಕಥೆ ಅಲ್ಲೇ ಕೂತು ಹೇಳಿ.